ಎತ್ತಿದ ಕೈ

ಅಂಗೈ ಇನ್ನೂ ಚುರುಗುಡುತ್ತಿತ್ತು. ಹೊಡೆದು ಎರಡು ಗಂಟೆಯಾಗಿದೆ. ಇಷ್ಟು ಹೊತ್ತು ಉರಿಯುವುದಕ್ಕೆ ತಾನು ಓದಿದ ಯಾವ ಪುಸ್ತಕದಲ್ಲೂ ಕಾರಣವಿಲ್ಲ ಎಂಬುದು ಸ್ಕ್ಯಾನ್ ಡಾಕ್ಟರಿಗೆ ಗೊತ್ತಿತ್ತು. ಕಿಟಕಿಗೆ ಕಪ್ಪು ಬಟ್ಟೆ ಇಳಿಬಿಟ್ಟ ಕೋಣೆಯಲ್ಲಿ ಕೂತು, ಯಂತ್ರದ ಪರದೆಯ ಬೆಳಕಿಗೆ ಕೈ ಹಿಡಿದು ನೋಡಿದ. ಕೆಂಪಿಲ್ಲ, ಊತವಿಲ್ಲ. ಕೆಂಪು ಏನಿದ್ದರೂ ಅದು ಮಗಳ ಕೆನ್ನೆಗೆ ಹೋಗಿತ್ತು. ನಾಲ್ಕು ಬೆರಳು ಸಾಲಾಗಿ ಮೂಡಿದ್ದವು, ಹೆಬ್ಬೆರಳಿಗೆ ಜಾಗ ಸಾಲದೆ ಕಿವಿಯ ಮೇಲೆ ಬಿದ್ದಿತ್ತು. ಹದಿನಾರು ವರ್ಷದ ಮುಖ ಇಷ್ಟು ಚಿಕ್ಕದೆಂದು ಅವನಿಗೆ ಗೊತ್ತಾದದ್ದು ಹೀಗೆ ಅಳತೆ ಹಾಕಿದ ಮೇಲೆಯೇ. ಫೋನು ಕೊಡು, ಯಾರ ಜೊತೆ ಅಷ್ಟು ಹೊತ್ತು ಕುಟ್ಟುತ್ತಿರುತ್ತೀ ನೋಡಬೇಕು ಎಂದಿದ್ದ. “ಎಲ್ಲರ ಒಳಗೂ ಇಣುಕಿ ಇಣುಕಿ ಅಭ್ಯಾಸ ಆಗ್ಬಿಟ್ಟಿದೆ ನಿಮಗೆ. ಸ್ಕ್ಯಾನಿನ ಜೆಲ್ ಹಚ್ಕೊಂಡು ಬರ್ಲಾ ಅಪ್ಪ?” ಎಂದಳು. ಮಾತು ಚೆನ್ನಾಗಿತ್ತು. ಬೇರೆ ಯಾರದೋ ಮಗಳು ಬೇರೆ ಯಾರದೋ ಅಪ್ಪನಿಗೆ ಹೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಗು ಹೊರಡುವುದಕ್ಕೆ ಮುಂಚೆ ಕೈ ಹೊರಟುಬಿಟ್ಟಿತ್ತು. ಅವಳು ಅಳಲಿಲ್ಲ. ಕೆಳಗೆ ಬಿದ್ದ ಕಿವಿಯ ರಿಂಗನ್ನು ಹುಡುಕಿ ತೆಗೆದುಕೊಂಡು, “ಕೈ ನೋವಾಯ್ತಾ?” ಎಂದಳು. ಹೆಂಡತಿ ಇಸ್ತ್ರಿ ಮಾಡುತ್ತಿದ್ದಳು. ಅವನ ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆ ಎರಡು ಕ್ಷಣ ಹೆಚ್ಚು ನಿಂತಿತು, ಅಷ್ಟೆ. ಈಗ ಅದೇ ಅಂಗಿ ಮೈಮೇಲಿದೆ, ಎದೆಯ ಹತ್ತಿರ ಸಣ್ಣಗೆ ಸೀದ ವಾಸನೆ ಹೊಡೆಯುತ್ತಿದೆ. ವಾಸನೆಯೂ ಹೊಡೆಯುತ್ತದೆ ನಮ್ಮ ಮಾತಿನಲ್ಲಿ. ಬಿಸಿಲು ಹೊಡೆಯುತ್ತದೆ, ಗಂಟೆ ಹೊಡೆಯುತ್ತದೆ, ಕಣ್ಣು ಹೊಡೆಯುತ್ತಾರೆ, ಹರಟೆಯನ್ನೂ ಹೊಡೆಯುತ್ತಾರೆ; ಇಷ್ಟೆಲ್ಲ ಹೊಡೆತಗಳ ನಡುವೆ ತನ್ನದೊಂದಕ್ಕೆ ಇಷ್ಟು ರಂಪವೇಕೆ ಎಂದುಕೊಂಡ. ರಂಪ ಮಾಡುತ್ತಿದ್ದವರು ಯಾರೂ ಇರಲಿಲ್ಲ, ಅಂಗೈಯೊಂದನ್ನು ಬಿಟ್ಟರೆ.

ಕೌಂಟರಿನ ಹುಡುಗಿ ಚೀಟಿ ತಂದಿಟ್ಟು ಹೋದಳು. ಬಲ ಭುಜ, ಹರಿದ ತಂತು ಹೊಲಿದು ಆರು ತಿಂಗಳು, ಕೂಡಿದೆಯೇ ಮತ್ತೆ ಹರಿದಿದೆಯೇ ನೋಡಿ ತಿಳಿಸುವುದು ಎಂದು ಮೂಳೆ ಡಾಕ್ಟರ ಕೈಕಾಲು ಮುರಿದ ಅಕ್ಷರ. ತಂತು ಎಂದರೆ ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಹಗ್ಗ. ರೋಗಿಗಳ ಬಾಯಲ್ಲಿ ಅದೂ ನರವೇ; ಮೈಯೊಳಗೆ ಉದ್ದಕ್ಕಿರುವುದೆಲ್ಲ ನರ, ದುಂಡಗಿರುವುದೆಲ್ಲ ಗಡ್ಡೆ. ಹೊಲಿದ ತಂತು ನೋಡುವುದೆಂದರೆ ಅವನಿಗೆ ಮೊದಲಿನಿಂದಲೂ ಬೇಸರ. ಚೆನ್ನಾಗಿ ಕೂಡಿಕೊಂಡದ್ದು ಕೂಡ ಚೆನ್ನಾಗಿ ಕಾಣುವುದಿಲ್ಲ. ರಾಜಿ ಮಾಡಿಸಿದ ಸಂಸಾರದ ಹಾಗೆ, ಒಳಗಿರುವವರು ಗಟ್ಟಿ ಎನ್ನುತ್ತಾರೆ, ಹೊರಗಿನಿಂದ ನೋಡುವವನಿಗೆ ಒಂದು ಕಡೆ ಗಂಟು, ಒಂದು ಕಡೆ ತೆಳು, ಎಲ್ಲ ಕಡೆ ಮಸುಕು. ಅದರಲ್ಲಿ ಗಾಯ ಯಾವುದು, ಗಾಯ ಮಾಗಿದ ಗುರುತು ಯಾವುದು ಎಂದು ಹೇಳಬೇಕು. ಹೇಳಿದ್ದಕ್ಕೆ ಸಹಿ ಹಾಕಬೇಕು.

ಬಾಗಿಲು ತೆರೆಯಿತು. ಬಂದದ್ದು ರೋಗಿಯಲ್ಲ, ಒಬ್ಬ ಹೆಂಗಸು. ನಲವತ್ತರ ಆಸುಪಾಸು, ಕೈಯಲ್ಲಿ ಹಳೆಯ ಫೈಲು. ಬಾಗಿಲನ್ನು ಬೆನ್ನಿನಿಂದಲೇ ಒತ್ತಿ ಮುಚ್ಚಿದಳು.

“ಡಾಕ್ಟ್ರೇ, ಒಂದೇ ನಿಮಿಷ. ನಮ್ಮೆಜಮಾನ್ರು ಬಾತ್‌ರೂಮಿಗೆ ಹೋಗಿದಾರೆ. ಭುಜದ್ದು ನೋಡ್ತೀರಲ್ಲ, ಅವರೇ. ಕೈ ಎತ್ತೋಕಾಗಲ್ಲ ಅಂತ ಬರ್ಕೊಡಿ.”

ಇಂಥವರು ವಾರಕ್ಕೆ ಇಬ್ಬರು ಬರುತ್ತಾರೆ. ಅವನು ಪರದೆಯ ಕಡೆಗೇ ತಿರುಗಿ, “ನಾನು ಬರೆಯೋದು ಕಂಡದ್ದನ್ನಮ್ಮ. ರಜೆ ಬೇಕಿದ್ರೆ ಮೂಳೆ ಡಾಕ್ಟರನ್ನ ಕೇಳ್ಕೊಳ್ಳಿ” ಎಂದ.

“ರಜೆ ಅವರಿಗಲ್ಲ ಡಾಕ್ಟ್ರೇ. ನನಗೆ.”

ಅವನು ತಿರುಗಿದ. ಅವಳು ನಗುತ್ತಿರಲಿಲ್ಲ. ಔಷಧದ ಅಂಗಡಿಯಲ್ಲಿ ಚೀಟಿ ಓದಿ ಹೇಳುವವಳ ಹಾಗೆ, ಎತ್ತರವೂ ಇಲ್ಲದ ತಗ್ಗೂ ಇಲ್ಲದ ದನಿಯಲ್ಲಿ ಹೇಳಿದಳು. ಗಂಡ ಗ್ಯಾರೇಜಿನಲ್ಲಿ ಡೆಂಟಿಂಗ್ ಮೇಸ್ತ್ರಿ, ಗುದ್ದಿಸಿಕೊಂಡು ಬಂದ ಗಾಡಿಗಳ ತಗಡನ್ನು ಒಳಗಿನಿಂದ ತಟ್ಟಿ ತಟ್ಟಿ ಸಮ ಮಾಡುವವನು. ಆ ದಿನವೂ ಕೈಯಲ್ಲಿ ಮರದ ಸುತ್ತಿಗೆ ಇತ್ತು. “ನಾನು ಬಗ್ಗಿದೆ. ಹದಿನೆಂಟು ವರ್ಷದಲ್ಲಿ ಬಗ್ಗಿದ್ದು ಅದೊಂದೇ ಸಲ, ಯಾಕೆ ಬಗ್ಗಿದ್ನೋ ಗೊತ್ತಿಲ್ಲ. ಸುತ್ತಿಗೆ ಹೋಗಿ ಕಬ್ಬಿಣದ ಗೇಟಿಗೆ ಬಡೀತು. ಭುಜದಲ್ಲಿ ಟಪ್ ಅಂತು, ನನಗೇ ಕೇಳಿಸ್ತು. ಆಸ್ಪತ್ರೇಲಿ ಜಾರಿಬಿದ್ದೆ ಅಂದ್ರು. ನಾನೂ ಹೂಂ, ಜಾರಿದ್ರು ಅಂದೆ.” ಆಪರೇಷನ್ ಆಯಿತು. ಜೋಲಿ, ಪಟ್ಟಿ, ವ್ಯಾಯಾಮ. ಅಂದಿನಿಂದ ಇಂದಿನವರೆಗೆ ಮನೆಯಲ್ಲಿ ಒಂದು ಲೋಟವೂ ಗೋಡೆಗೆ ಹೋಗಿಲ್ಲ. “ಕೈ ಎತ್ತೋಕೆ ಆಗತ್ತೆ ಅವರಿಗೆ. ನಿದ್ದೇಲಿ ಎತ್ತಿ ತಲೆ ಕೆಳಗಿಟ್ಕೋತಾರೆ, ನಾನು ಕಣ್ಣು ಬಿಟ್ಕೊಂಡು ನೋಡ್ತಾ ಮಲಗಿರ್ತೀನಿ. ಎಚ್ಚರ ಇದ್ದಾಗ ಎತ್ತಲ್ಲ, ಎಲ್ಲಿ ಹರಿದ್ಹೋಗತ್ತೋ ಅಂತ ಭಯ. ಸ್ಕ್ಯಾನ್ ಚೆನ್ನಾಗಿದ್ರೆ ಸುತ್ತಿಗೆ ಹಿಡಿ ಅಂದಿದಾರೆ ಮೂಳೆ ಡಾಕ್ಟ್ರು. ಇವತ್ತು ನೀವು ಚೆನ್ನಾಗಿದೆ ಅಂದ್ರೆ ನನ್ನ ರಜೆ ಮುಗೀತು.”

ಅವಳು ತಲೆ ಬಗ್ಗಿಸಿ ಕೂದಲನ್ನು ಎರಡು ಕಡೆ ಸರಿಸಿ, “ಇಲ್ಲಿ ಬೆರಳಿಡಿ” ಎಂದಳು. ಇಟ್ಟ. ಚುರುಗುಡುವ ಕೈಯದೇ ಬೆರಳು. ನೆತ್ತಿಯ ಎಡಕ್ಕೆ ಮೂಳೆ ಒಳಕ್ಕೆ ಹೋಗಿತ್ತು, ಹೆಬ್ಬೆರಳು ಕೂರುವಷ್ಟು.

“ಊರ ಗಾಡಿಗಳ ತಗ್ಗೆಲ್ಲ ತೆಗೀತಾರೆ. ಇದೊಂದನ್ನ ಹಾಗೇ ಬಿಟ್ಟಿದಾರೆ.”

ಹೊರಗೆ ಯಾರೋ ಗಂಟಲು ಸರಿಮಾಡಿಕೊಂಡರು. ಅವಳು ಒಂದೇ ಹೆಜ್ಜೆಗೆ ಗೋಡೆಯ ಹತ್ತಿರ ಹೋಗಿ, ಕೋಣೆ ಹುಟ್ಟಿದಾಗಿನಿಂದ ಅಲ್ಲೇ ನಿಂತವಳ ಹಾಗೆ ನಿಂತುಬಿಟ್ಟಳು. ಅಷ್ಟು ಬೇಗ ಮನುಷ್ಯರು ಸಾಮಾನಾಗಬಲ್ಲರು ಎಂಬುದನ್ನು ಅವನು ಬೆಳಗ್ಗೆಯೂ ನೋಡಿದ್ದ, ಇಸ್ತ್ರಿಯ ಮೇಜಿನ ಹಿಂದೆ.

ಮೇಸ್ತ್ರಿ ಒಳಗೆ ಬಂದ. ರಾಕ್ಷಸನೊಬ್ಬನನ್ನು ಕಾಯುತ್ತಿದ್ದವನ ಎದುರಿಗೆ ತೆಳ್ಳಗಿನ, ಮುಂಭಾಗ ಬೋಳಾದ, ಕಣ್ಣಿನಲ್ಲೇ ನಗುವ ಒಬ್ಬ ಮನುಷ್ಯ ನಿಂತು ಎಡಗೈ ಎದೆಗಿಟ್ಟುಕೊಂಡ. “ಅರ್ಧ ನಮಸ್ಕಾರ ಡಾಕ್ಟ್ರೇ. ಇನ್ನರ್ಧ ರಿಪೇರೀಲಿದೆ.” ಸ್ಕ್ಯಾನ್ ಡಾಕ್ಟರಿಗೆ ನಗು ಬಂತು. ತಡೆಯಲಾಗಲಿಲ್ಲ, ನಕ್ಕೇಬಿಟ್ಟ. “ಕೆಳಗಡೆ ನಿಂತಿರೋ ಬಿಳೀ ಗಾಡಿ ನಿಮ್ದೇ ಅಲ್ವಾ? ಹಿಂದಿನ ಬಾಗಿಲಿಗೆ ಯಾರೋ ಮುತ್ತಿಟ್ಟಿದಾರೆ. ಕೈ ಒಂದು ಬರ್ಲಿ, ಕೂದಲೆಳೆ ಗೆರೆ ಕಾಣದ ಹಾಗೆ ತೆಗೆದುಕೊಡ್ತೀನಿ. ಡೆಂಟಿಂಗಲ್ಲಿ ನಾನು ಎತ್ತಿದ ಕೈ. ಈಗ ಇಳಿಸಿದ ಕೈ.” ಅಂಗಿ ತೆಗೆಯುತ್ತ ಮಾತಾಡುತ್ತಲೇ ಇದ್ದ. ಹೆಂಡತಿ ಮುಂದೆ ಬಂದು ಬಲತೋಳಿನಿಂದ ಅಂಗಿಯನ್ನು ಬಿಡಿಸಿದಳು, ಬಿಸಿ ಪಾತ್ರೆ ಇಳಿಸುವಷ್ಟು ಎಚ್ಚರದಿಂದ. ಭುಜದ ಮೇಲೆ ಮೂರು ಸಣ್ಣ ಗಾಯದ ಗುರುತು, ಯಾರೋ ಪೆನ್ನಿನಿಂದ ಚುಕ್ಕೆ ಇಟ್ಟು ಸಾಲು ಬರೆಯುವುದನ್ನು ಮರೆತ ಹಾಗೆ. ಇವನನ್ನು ದ್ವೇಷಿಸುವುದು ಇಷ್ಟು ಕಷ್ಟವಾಗಬಾರದು ಎಂದು ಸ್ಕ್ಯಾನ್ ಡಾಕ್ಟರ್ ತನ್ನೊಳಗೆ ಗೊಣಗಿಕೊಂಡ. ಮಾತಿನ ಮನುಷ್ಯ. ತಾನೂ ಮಾತಿನ ಮನುಷ್ಯನೇ; ಸ್ನೇಹಿತರ ಮಧ್ಯೆ ಅವನಿದ್ದರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ ಎಂದು ಎಲ್ಲರೂ ಅನ್ನುತ್ತಾರೆ.

“ಕೈ ಹಿಂದೆ ಮಾಡಿ. ಪ್ಯಾಂಟಿನ ಜೇಬಿನಿಂದ ಪರ್ಸ್ ತೆಗೆಯೋ ಥರ.”

“ನನ್ನ ಪರ್ಸು ಇವಳ ಹತ್ರ ಇರತ್ತೆ ಡಾಕ್ಟ್ರೇ. ನಟನೆ ಮಾಡ್ತೀನಿ.”

ಜೆಲ್ ತಣ್ಣಗಿತ್ತು. ಪ್ರೋಬನ್ನು, ಅಂದರೆ ಮೈಮೇಲೆ ಆಡಿಸುವ ಆ ಹಿಡಿಯನ್ನು, ಭುಜದ ಗುಂಡಿಗೆ ಇಟ್ಟ. ಪರದೆಯಲ್ಲಿ ಮೂಳೆಯ ಬಿಳಿ ಕಮಾನು ಮೂಡಿತು, ಅದರ ಮೇಲೆ ತಂತು. ಓದುತ್ತಿದ್ದ ಕಾಲದಲ್ಲಿ ಇದೇ ತಂತುವನ್ನು ಅವನು ಮೊದಲು ನೋಡಿದ್ದು ಹೆಣದ ಕೋಣೆಯಲ್ಲಿ. ಚರ್ಮ ಸುಲಿದು ಮಾಂಸ ಸರಿಸಿ ಆಳದಲ್ಲಿ ಬೆಳ್ಳಗೆ ಹೊಳೆಯುತ್ತಿದ್ದುದನ್ನು ಇಕ್ಕಳದಲ್ಲಿ ಹಿಡಿದು ಜಗ್ಗಿದಾಗ ಮೇಜಿನ ಮೇಲಿದ್ದ ಸತ್ತ ಮುದುಕ ಮೆಲ್ಲಗೆ ಕೈ ಎತ್ತಿದ. ಹುಡುಗಿಯರು ಚೀರಿದರು. ಅವನು ಇನ್ನೊಮ್ಮೆ ಜಗ್ಗಿದ, ಮತ್ತೊಮ್ಮೆ ಜಗ್ಗಿದ. ಮುದುಕ ಎಲ್ಲ ಪ್ರಶ್ನೆಗೂ ಉತ್ತರ ಗೊತ್ತಿರುವ ವಿದ್ಯಾರ್ಥಿಯ ಹಾಗೆ ಕೈ ಎತ್ತುತ್ತಲೇ ಹೋದ. ಎಲ್ಲರೂ ನಗತೊಡಗಿದ ಮೇಲೆ, ಯಾರೂ ಹೇಳದೆ ಇದ್ದರೂ, ಕತ್ತರಿ ತೆಗೆದುಕೊಂಡು ಅದನ್ನು ಕಚಕ್ಕನೆ ಕತ್ತರಿಸಿದ. ಕೈ ದೊಪ್ಪನೆ ಬಿತ್ತು. ಆ ಕಚಕ್ಕು ಬೆರಳಿಗೆ ಎಷ್ಟು ಹಿತವಾಗಿತ್ತು ಎಂಬುದನ್ನು ಮೂವತ್ತು ವರ್ಷದಲ್ಲಿ ಯಾರಿಗೂ ಹೇಳಿಲ್ಲ. ಈಗ ಕತ್ತರಿ ಇಲ್ಲ, ಪ್ರೋಬು ಇದೆ. ಒತ್ತಿದ. ತಂತು ಹರಿದಿದ್ದರೆ ಒತ್ತಿದಾಗ ಸೀಳಿನಲ್ಲಿ ತುಂಬಿದ ನೀರು ಪಕ್ಕಕ್ಕೆ ಸರಿಯುತ್ತದೆ, ಒತ್ತುವುದು ಪರೀಕ್ಷೆಯ ಕ್ರಮವೇ. ಕ್ರಮಕ್ಕಿಂತ ಹೆಚ್ಚಾಗಿ ಒತ್ತಿದ. ಮೇಸ್ತ್ರಿಯ ಕತ್ತಿನ ನರ ಉಬ್ಬಿತು. “ಅಮ್ಮಾ…” ಎಂದ. ಎಲ್ಲರಿಗೂ ಆ ಹೊತ್ತಿಗೆ ಅಮ್ಮನೇ. ಇನ್ನೂ ಒತ್ತಿದ. ಈ ತೋಳನ್ನು ಬೇರಿನಿಂದ ಕಿತ್ತು ತೆಗೆದರೆ ಹೇಗಿರುತ್ತದೆ, ಕೀಲು ಯಾವ ಸದ್ದು ಮಾಡುತ್ತದೆ, ಮೊದಲು ಏನು ಹರಿಯುತ್ತದೆ ಆಮೇಲೆ ಏನು, ಎಲ್ಲ ಅವನಿಗೆ ಕ್ರಮವಾಗಿ ಗೊತ್ತಿತ್ತು. ಬಾಯಲ್ಲಿ ನೀರು ಬಂದಂತಾಗಿ ನುಂಗಿಕೊಂಡ.

ನೀರು ಸರಿಯಲಿಲ್ಲ. ಸರಿಯುವುದಕ್ಕೆ ನೀರೇ ಇರಲಿಲ್ಲ. ಮೂಳೆ ಡಾಕ್ಟರ್ ಅಕ್ಷರ ಮುರಿದರೂ ಹೊಲಿಗೆ ಮುರಿಯದವನು. ಮೂಳೆಗೆ ಬಡಿದ ಗೂಟಗಳೆರಡು ಬೆಳ್ಳಿಚುಕ್ಕಿಯಂತೆ ಮಿನುಗುತ್ತಿದ್ದವು, ದಾರ ಬಿಗಿಯಾಗಿತ್ತು, ತಂತು ತುಸು ತೆಳ್ಳಗೆ, ತುಸು ಒರಟಾಗಿ, ಈ ಕೊನೆಯಿಂದ ಆ ಕೊನೆಯವರೆಗೆ ಅಖಂಡವಾಗಿತ್ತು.

“ಈಗ ಕೈ ಎತ್ತಿ” ಎಂದ.

ದಿನಕ್ಕೆ ಮೂವತ್ತು ಸಲ ಹೇಳುವ ಮಾತು. ಹೊಟ್ಟೆ ನೋಡುವಾಗಲೂ ಹೇಳುತ್ತಾನೆ, ಕಂಕುಳು ನೋಡುವಾಗಲೂ ಹೇಳುತ್ತಾನೆ. ಇವತ್ತು ಹೇಳಿದ ಕೂಡಲೇ ಗೋಡೆಯ ಹತ್ತಿರ ಏನೋ ಸರಕ್ಕೆಂದಿತು. ಹೆಂಗಸು ಎರಡೂ ಮೊಣಕೈಗಳನ್ನು ಮುಖಕ್ಕೆ ಅಡ್ಡ ತಂದುಕೊಂಡಿದ್ದಳು. ತಂದುಕೊಂಡಳೆಂದು ಅವಳಿಗೇ ಆಮೇಲೆ ಗೊತ್ತಾಗಿ, ಕೂದಲು ಸರಿಮಾಡಿಕೊಳ್ಳುವವಳ ಹಾಗೆ ಇಳಿಸಿದಳು. ಮೇಸ್ತ್ರಿ ನೋಡಲಿಲ್ಲ. ಅವನು ತನ್ನ ತೋಳನ್ನೇ ನೋಡುತ್ತಿದ್ದ. ಹಣೆಯಲ್ಲಿ ಬೆವರು. ಅಂಗುಲ ಅಂಗುಲ ಎತ್ತಿ, ಭುಜದ ಮಟ್ಟಕ್ಕೆ ಬಂದೊಡನೆ ನಿಲ್ಲಿಸಿಬಿಟ್ಟ. “ಸಾಕಾ ಡಾಕ್ಟ್ರೇ? ಇನ್ನು ಎತ್ತಿದ್ರೆ ದಾರ ಕಿತ್ಕೊಂಡು ಬರತ್ತೇನೋ ಅನ್ಸತ್ತೆ.” ಪರದೆಯಲ್ಲಿ ತಂತು ಮೂಳೆಯ ಸೂರಿನ ಕೆಳಗೆ ಎಣ್ಣೆ ಹಾಕಿದ ಹಾಗೆ ಜಾರಿಹೋಗುತ್ತಿತ್ತು. ನಿಲ್ಲಿಸಿದ್ದು ತಂತುವಲ್ಲ, ಭಯ. ಭಯಕ್ಕೆ ಸ್ಕ್ಯಾನ್ ಇಲ್ಲ.

ಈ ಕಸುಬಿನಲ್ಲಿ ಹೊಸಬರು ಮಾಡುವ ಒಂದು ತಪ್ಪಿದೆ. ಪ್ರೋಬಿನಿಂದ ಹೊರಟ, ಕಿವಿಗೆ ಕೇಳದ ಸದ್ದು ತಂತುವಿಗೆ ನೆಟ್ಟಗೆ ಬಡಿದರೆ ತಿರುಗಿ ಬರುತ್ತದೆ, ತಂತು ಬೆಳ್ಳಗೆ ಕಾಣುತ್ತದೆ. ಕೈ ತುಸು ವಾಲಿತೋ, ಸದ್ದು ಎತ್ತಲೋ ಹೋಗಿಬಿಡುತ್ತದೆ, ಗಟ್ಟಿಮುಟ್ಟಾದ ತಂತುವಿನ ನಡುವೆ ಕಪ್ಪು ಬಿಲ ಕಾಣುತ್ತದೆ. ಕಲಿಯುವವರು ಅದನ್ನು ನೋಡಿ ಹರಿದಿದೆ ಎಂದು ಬರೆದು ಬೈಸಿಕೊಳ್ಳುತ್ತಾರೆ. “ಓರೆಗಣ್ಣಿನಿಂದ ನೋಡಿದ್ರೆ ಎಲ್ಲರ ಮನೇನೂ ಮುರಿದಿರತ್ತೆ ಕಣ್ರೋ” ಎಂದು ಅವನೇ ಹತ್ತಾರು ಜನಕ್ಕೆ ಪಾಠ ಹೇಳಿದ್ದ. ಈಗ ಮಣಿಕಟ್ಟನ್ನು ಒಂದಿಷ್ಟು ವಾಲಿಸಿದ. ಬೆಳ್ಳಗಿದ್ದದ್ದು ಕಪ್ಪಾಯಿತು. ಎಡಗೈಯ ಬೆರಳಿನಿಂದ ಗುಂಡಿ ಒತ್ತಿ ಚಿತ್ರವನ್ನು ನಿಲ್ಲಿಸಿದ. ಇಷ್ಟು ಸಲೀಸು. ಹೊಡೆಯುವುದಕ್ಕಿಂತ ಸಲೀಸು.

“ಅದೇನು ಡಾಕ್ಟ್ರೇ ಕಪ್ಪಗೆ?”

“ಮತ್ತೆ ಹರಿದಿದೆ.”

ಮೇಸ್ತ್ರಿ ಪರದೆ ನೋಡಿದ, ಡಾಕ್ಟರನ್ನು ನೋಡಿದ. ಕೈಯನ್ನು ತೊಡೆಯ ಮೇಲೆ ಇಳಿಸಿಕೊಂಡು ಅದನ್ನು ಎಡಗೈಯಿಂದ ಸವರಿದ, ಮಲಗಿದ ಮಗುವನ್ನು ಸವರುವ ಹಾಗೆ. “ಹೊರಗೆ ಕೂತಿರಿ, ಬರೆದುಕೊಡ್ತೀನಿ” ಎಂದು ಸ್ಕ್ಯಾನ್ ಡಾಕ್ಟರ್ ಪ್ರೋಬು ಒರೆಸಿದ. ಹೋಗುವಾಗ ಹೆಂಗಸು ಒಮ್ಮೆ ಹಿಂತಿರುಗಿ ನೋಡಿದಳು. ಆ ನೋಟಕ್ಕೆ ಅವನು ಬಹಳ ದಿನಗಳಿಂದ ಕಾದಿದ್ದನೇನೋ. ಯಾರೂ ಅವನನ್ನು ಹಾಗೆ ನೋಡಿ ವರ್ಷಗಳಾಗಿದ್ದವು.

ಬರೆಯಲು ಕೂತ. ರೋಗಿಗಳಿಗೆ ಅರ್ಥವಾಗಲಿ ಎಂದು ವರದಿಯ ಕೊನೆಯ ಎರಡು ಸಾಲುಗಳನ್ನು ತಿಳಿಯುವ ಮಾತಿನಲ್ಲಿ ಕೈಯಾರೆ ಬರೆಯುವುದು ಆ ಸೆಂಟರಿನ ರೂಢಿ. ‘ಹೊಲಿದ ತಂತು ಮತ್ತೆ ಹರಿದಿರುತ್ತದೆ. ಬಲಗೈ ಎತ್ತಲು ಆಗುವುದಿಲ್ಲ.’ ಸಹಿ, ಗಂಟೆ ಹನ್ನೊಂದು ಇಪ್ಪತ್ತು. ಮೂಳೆ ಡಾಕ್ಟರ್ ಚಿತ್ರ ನೋಡುವವನಲ್ಲ, ಕೊನೆಯ ಸಾಲು ಓದುವವನು. ಒಮ್ಮೆ ಹೊಲಿದದ್ದನ್ನು ಮತ್ತೆ ಕೊಯ್ಯುವುದು ಬೇಡ, ಜೋಪಾನವಾಗಿರಿ ಎಂದು ಕಳಿಸುತ್ತಾನೆ. ಜೋಪಾನ ಎಂದರೆ ಹೆಂಗಸಿಗೆ ಇನ್ನೂ ಒಂದು ವರ್ಷ, ಬಹುಶಃ ಬದುಕಿಡೀ. ವರದಿಯಲ್ಲೇ ‘ವರ’ ಇದೆ ಎಂಬುದು ಇಷ್ಟು ವರ್ಷ ಹೊಳೆದಿರಲಿಲ್ಲವಲ್ಲ ಎಂದು ಖುಷಿಪಟ್ಟ. ಅಂಗೈ ಉರಿ ನಿಂತಿತ್ತು. ನಿಂತದ್ದನ್ನು ಗಮನಿಸಿ ಇನ್ನಷ್ಟು ಖುಷಿಯಾಯಿತು. ಸಂಜೆ ಮಗಳಿಗೆ ಇದನ್ನು ಹೇಗೆ ಹೇಳುವುದು, ಹೆಸರು ಹೇಳದೆ, ಜಂಬ ಕಾಣದ ಹಾಗೆ, ಆದರೆ ಜಂಬಕ್ಕೆ ಕಾರಣವಿದೆ ಎಂದು ಅವಳಿಗೇ ತಿಳಿಯುವ ಹಾಗೆ ಹೇಳುವುದು ಹೇಗೆ ಎಂದು ವಾಕ್ಯಗಳನ್ನು ಜೋಡಿಸತೊಡಗಿದ. ಮೊದಲನೆಯ ವಾಕ್ಯದಲ್ಲಿ ‘ಒಬ್ಬ ದುಷ್ಟ’ ಎಂದಿತ್ತು. ಅವಳು ಅಲ್ಲಿಗೇ ನಿಲ್ಲಿಸಿ ಏನು ಕೇಳುತ್ತಾಳೆಂದು ಗೊತ್ತಿದ್ದುದರಿಂದ ಅದನ್ನು ‘ಒಬ್ಬ ರೋಗಿ’ ಎಂದು ತಿದ್ದಿಕೊಂಡ.

ವರದಿಯನ್ನು ತಾನೇ ಕೈಯಲ್ಲಿ ಹಿಡಿದು ಹೊರಗೆ ಬಂದ. ಆಯಾ ನೆಲ ಒರೆಸುತ್ತಿದ್ದಳು. ಹೊಟ್ಟೆ ಸ್ಕ್ಯಾನಿಗೆ ನೀರು ಕುಡಿದು ಉಬ್ಬಿ ಕೂತಿದ್ದ ಐದಾರು ಜನ ಕಾಲುಗಳನ್ನು ಎತ್ತಿ ಎತ್ತಿ ಅವಳಿಗೆ ದಾರಿ ಬಿಡುತ್ತಿದ್ದರು. ಮೇಸ್ತ್ರಿ ನಿಂತೇ ಇದ್ದ. ಕಾಗದ ತೆಗೆದುಕೊಂಡು ಎರಡು ಸಾಲನ್ನೂ ತುಟಿ ಅಲುಗಿಸಿ ಓದಿದ. ಆಮೇಲೆ ಯಾರನ್ನೂ ಉದ್ದೇಶಿಸದೆ, “ಆರು ತಿಂಗಳು. ಮೊಟ್ಟೆ ಕಾದ ಹಾಗೆ ಕಾದೆ. ಸುತ್ತಿಗೆ ಮುಟ್ಟಿಲ್ಲ. ನೀರಿನ ಬಕೆಟ್ ಎತ್ತಿಲ್ಲ. ಇವಳು ಏನಂದ್ರೂ, ಏನಂದ್ರೂ ಕೈ ಇಳಿಬಿಟ್ಕೊಂಡು ಕೂತೆ” ಎಂದ.

“ಹೋಗ್ಲಿ ಬಿಡಿ. ಮನೆಗೆ ಹೋಗೋಣ ಬನ್ನಿ” ಎಂದಳು ಹೆಂಡತಿ. ಆ ದನಿಯಲ್ಲಿ ಏನಿತ್ತೋ. ಹದಿನೆಂಟು ವರ್ಷ ಅವಳ ಒಂದೊಂದು ಸದ್ದನ್ನೂ ಕೇಳಿ ಪಳಗಿದ ಕಿವಿ ಅದು. ಅದರಲ್ಲಿ ಒಂದು ಎಳೆ ಸಮಾಧಾನ ಇದ್ದದ್ದು ಅವನಿಗೆ ಸಿಕ್ಕಿಬಿಟ್ಟಿತು. ಮೇಸ್ತ್ರಿ ಅವಳ ಮುಖವನ್ನೇ ನೋಡಿದ.

“ನಗ್ತಿದೀಯಾ?”

“ಇಲ್ಲ ಇಲ್ಲ.”

“ನಗ್ತಿದೀಯಾ ನೀನು. ಹರಿದೇಹೋಗಿದೆ ಅಂದ್ಮೇಲೆ ಇನ್ನು ಯಾವ ಭಾಗ್ಯಕ್ಕೆ ಈ ಕೈನ ಕಾಪಾಡ್ಲಿ?”

ಸ್ಕ್ಯಾನ್ ಡಾಕ್ಟರ್ ನೋಡುತ್ತಿದ್ದ. ಅವನ ಕಣ್ಣಿಗೆ ಬೇರೆ ಕೆಲಸ ಗೊತ್ತಿಲ್ಲ. ಕೈ ಪಕ್ಕಕ್ಕೆ ಎದ್ದಿತು, ಮೂವತ್ತು ಡಿಗ್ರಿ, ಅರವತ್ತು, ತೊಂಬತ್ತು. ಒಳಗೆ ಬೆವರಿ ನಿಂತ ಜಾಗ ಅದು, ಅಲ್ಲಿ ಒಂದು ಕ್ಷಣವೂ ನಿಲ್ಲದೆ, ನೂರಿಪ್ಪತ್ತು, ನೂರೈವತ್ತು, ತೋಳು ಕಿವಿಗೆ ತಾಗಿತು. ನಡುಕವಿಲ್ಲ, ತಡೆಯಿಲ್ಲ. ಹೊಲಿದ ತಂತು ಇಷ್ಟು ಸೊಗಸಾಗಿ ಕೆಲಸ ಮಾಡುವುದನ್ನು ಅವನು ಬದುಕಿನಲ್ಲಿ ನೋಡಿರಲಿಲ್ಲ. ಎಷ್ಟು ಚೆನ್ನಾಗಿದೆ ಎಂದು ಅವನ ಮನಸ್ಸಿನ ಒಂದು ಭಾಗ ಹೇಳುತ್ತಿರುವಾಗಲೇ ಅದು ಇಳಿಯಿತು. ಸದ್ದು ಒದ್ದೆಯಾಗಿತ್ತು. ಹೆಂಗಸು ತೂಕದ ಯಂತ್ರದ ಮೇಲೆ ಬಿದ್ದಳು. ಅದರ ಮುಳ್ಳು ಗಿರ್ರನೆ ತಿರುಗಿ ಅವಳ ಅರ್ಧ ತೂಕ ತೋರಿಸಿ ನಡುಗುತ್ತ ನಿಂತಿತು. ಬಾಯಿಂದ ರಕ್ತದ ಜೊತೆ ಏನೋ ಬೆಳ್ಳಗಿನದು ನೆಲದ ಮೇಲೆ ಟಿಣ್ಣೆಂದು ಉರುಳಿತು. ಯಾರೂ ಏಳಲಿಲ್ಲ. ಮೇಸ್ತ್ರಿಯೂ ಅಲುಗಲಿಲ್ಲ. ಅವನು ತನ್ನ ಕೈಯನ್ನು ನೋಡುತ್ತಿದ್ದ. ಬಾಯಿ ತೆರೆದುಕೊಂಡಿತು, ಕಣ್ಣಲ್ಲಿ ನೀರು ತುಂಬಿತು.

“ಎದ್ದಿತು” ಎಂದ. “ಡಾಕ್ಟ್ರೇ, ಎದ್ದಿತು! ನೋಡಿದ್ರಾ? ನೋವೇ ಇಲ್ಲ!”

ಎಲ್ಲರಿಗೂ ಕಾಣಲಿ ಎಂದು ಇನ್ನೊಮ್ಮೆ ಎತ್ತಿದ, ಇಳಿಸಿದ, ಎತ್ತಿದ. ಆಮೇಲೆ ಬಗ್ಗಿ, ಏಳಲು ನೋಡುತ್ತಿದ್ದವಳ ಕೂದಲು ಹಿಡಿದು ಮುಖ ತನ್ನ ಕಡೆಗೆ ತಿರುಗಿಸಿಕೊಂಡು, ಇನ್ನೊಂದು ಬಿಗಿದ. ಮೊದಲನೆಯದು ಸಿಟ್ಟಿಗೆ. ಎರಡನೆಯದು ಪರೀಕ್ಷೆಗೆ. ಸ್ಕ್ಯಾನ್ ಡಾಕ್ಟರ ಬೆನ್ನು ಬಾಗಿಲಿಗೆ ಅಂಟಿಕೊಂಡಿತ್ತು. ಓಡಬೇಕು, ಹಿಡಿಯಬೇಕು ಎಂದು ತಲೆ ಹೇಳಿತು, ಕಾಲು ಕೈಯೆತ್ತಿಬಿಟ್ಟಿತು. ನಡುವೆ ನುಗ್ಗಿದವಳು ಆಯಾ. ನೆಲ ಒರೆಸುವ ಕೋಲನ್ನು ಅಡ್ಡ ಹಿಡಿದು, “ಏಯ್, ಇನ್ನೊಂದ್ಸಲ ಎತ್ತು ನೋಡ್ತೀನಿ. ಎತ್ತೋ. ಬುಡಸಮೇತ ಮುರೀತೀನಿ” ಎಂದಳು, ನಿಜವಾಗಿಯೂ ಕೋಲಿನ ತುದಿಯಿಂದ ಅವನ ಹೊಟ್ಟೆಗೆ ತಿವಿದಳು. ಮೇಸ್ತ್ರಿ ನಗುತ್ತ ಎರಡೂ ಕೈ ಮೇಲೆ ಮಾಡಿ ಶರಣು ಎಂಬಂತೆ ಹಿಂದೆ ಸರಿದ. ಎರಡೂ ಕೈ ಒಂದೇ ಎತ್ತರಕ್ಕೆ ಹೋದವು. ಫೋನು ತೆಗೆದು ಮೆಟ್ಟಿಲಿಳಿಯುತ್ತ, “ಹಲೋ, ಕೈ ಬಂತು ಕಣೋ! ನಾಳೆಯಿಂದ ಬರ್ತೀನಿ, ನನ್ನ ಸುತ್ತಿಗೆ ತೆಗೆದಿಡು” ಎಂದದ್ದು ಕೆಳಗಿನ ತಿರುವಿನವರೆಗೂ ಕೇಳಿಸಿತು.

ಆಯಾ ಹೆಂಗಸನ್ನು ಎತ್ತಿ ಕುರ್ಚಿಗೆ ಕೂರಿಸಿ ಬಾಯಿಗೆ ಹತ್ತಿ ಒತ್ತಿದಳು. ಕೌಂಟರಿನ ಹುಡುಗಿ ಅಳುತ್ತಿದ್ದಳು. ಸ್ಕ್ಯಾನ್ ಡಾಕ್ಟರ್ ಹತ್ತಿರ ಬಂದು, “ಬಾಯಿ ತೊಳ್ಕೊಳಮ್ಮ, ಹೊಲಿಗೆ ಹಾಕಿಸ್ಬೇಕು” ಎಂದ. ತನ್ನ ದನಿ ಅಷ್ಟು ತೆಳ್ಳಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

ಅವಳು ಹತ್ತಿ ತೆಗೆದಳು. “ಆಮೇಲೆ ತೊಳ್ಕೋತೀನಿ. ಬಾಯಿ ಎಲ್ಲೂ ಓಡಿಹೋಗಲ್ಲ. ನೀವು ಓಡಿಹೋಗ್ತೀರಿ. ಹಾಳೆ ತಗೊಳ್ಳಿ.”

“ಏನು ಬರೀಲಿ?”

“ನೋಡಿದ್ದು. ಹದಿನೆಂಟು ವರ್ಷದಲ್ಲಿ ನೋಡಿದವರು ಅಂತ ಒಬ್ಬರೂ ಇರಲಿಲ್ಲ ನನಗೆ. ಸ್ಟೇಷನ್ನಲ್ಲಿ ಕೇಳಿದ್ರು, ಯಾರಮ್ಮ ನೋಡಿದ್ದು ಅಂತ. ಗೋಡೆ ಅಂದೆ, ನಕ್ಕರು. ಇವತ್ತು ಡಾಕ್ಟ್ರು ನೋಡಿದಾರೆ. ಬರೀರಿ.”

ಕೌಂಟರಿನ ಮೇಲೆ ಬಗ್ಗಿ ಬರೆದ. ‘ಸದರಿ ರೋಗಿಯು ಬಲಗೈಯನ್ನು ಪೂರ್ತಿಯಾಗಿ ಎತ್ತಬಲ್ಲರು.’ ಅವಳು ಪಕ್ಕದಲ್ಲಿ ನಿಂತು, ರಕ್ತದ ಉಸಿರು ಬಿಡುತ್ತ ಓದಿದಳು.

“ಎತ್ತಬಲ್ಲರು ಅಲ್ಲ. ಎತ್ತಿದ್ರು. ಯಾರ ಮೇಲೆ ಅಂತಾನೂ ಹಾಕಿ. ಎಷ್ಟು ಸಲ ಅಂತಾನೂ.”

ಹಾಕಿದ. ಪೆನ್ನು ನಿಂತಿತು. ಪಕ್ಕದಲ್ಲೇ ಮೇಸ್ತ್ರಿ ಬಿಸಾಡಿ ಹೋದ ಮೊದಲನೆಯ ವರದಿ ಬಿದ್ದಿತ್ತು, ಕೈ ಎತ್ತಲು ಆಗುವುದಿಲ್ಲ, ಹನ್ನೊಂದು ಇಪ್ಪತ್ತು, ಅವನದೇ ಸಹಿ. ಹನ್ನೊಂದು ಇಪ್ಪತ್ತಕ್ಕೆ ಎತ್ತಲಾಗದ ಕೈ ಹನ್ನೊಂದು ಇಪ್ಪತ್ತೈದಕ್ಕೆ ಎದ್ದಿತೆಂದು ಒಬ್ಬನೇ ಡಾಕ್ಟರ್ ಬರೆದರೆ ಯಾವ ವಕೀಲ ಸುಮ್ಮನಿರುತ್ತಾನೆ? ಈ ಎರಡನೆಯ ಹಾಳೆ ನಿಲ್ಲಬೇಕಾದರೆ ಮೊದಲನೆಯದು ಬೀಳಬೇಕು. ಅದು ಬಿದ್ದರೆ ಅವನೂ ಬೀಳುತ್ತಾನೆ. ಕಸುಬು, ಹೆಸರು, ಹೊಸಬರಿಗೆ ಹೇಳುವ ಪಾಠ, ಎಲ್ಲ. ಅವಳಿಗೆ ಇದು ಹೊಳೆದಿರಲಾರದು ಎಂದುಕೊಂಡು ಕಾಗದ ಮಡಿಸಲು ಹೋದ.

“ಅದನ್ನೂ ಬರೀರಿ” ಎಂದಳು, ಮೊದಲನೆಯ ವರದಿಯ ಕಡೆ ಗದ್ದ ಚಾಚಿ. “ಅದು ಸುಳ್ಳು ಅಂತ. ನಾನೇ ಕೇಳ್ಕೊಂಡೆ ಅಂತಾನೂ ಬರೀರಿ, ನನಗೇನೂ ನಾಚಿಕೆ ಇಲ್ಲ.”

ಕೂತವರೆಲ್ಲ ನೋಡುತ್ತಿದ್ದರು. ಹೊಟ್ಟೆ ತುಂಬ ನೀರಿದ್ದ ಒಬ್ಬ ಮುದುಕ ಕಾಲ ಮೇಲೆ ಕಾಲು ಒತ್ತಿಕೊಂಡು, ಎದ್ದು ಹೋಗಲಾರದೆ, ನೋಡುತ್ತಿದ್ದ. ಸ್ಕ್ಯಾನ್ ಡಾಕ್ಟರ್ ಬರೆದ. ಪ್ರೋಬನ್ನು ಬೇಕೆಂದೇ ಓರೆ ಹಿಡಿದು ತೆಗೆದ ಚಿತ್ರ ಅದು, ತಂತು ಹರಿದಿಲ್ಲ, ಹರಿದಿದೆ ಎಂದು ನಾನು ಸುಳ್ಳು ಹೇಳಿದೆ, ಆ ಸುಳ್ಳನ್ನು ಕೇಳಿದ ಮೇಲೆಯೇ ಆತ ಹೊಡೆದದ್ದು. ಕೊನೆಯ ವಾಕ್ಯವನ್ನು ಅವಳು ಹೇಳಿರಲಿಲ್ಲ. ಬರೆದಾಗ ಅಂಗಿಯೊಳಗೆ ಬೆವರು ಬೆನ್ನ ಉದ್ದಕ್ಕೂ ಇಳಿಯಿತು. ಸಹಿ ಹಾಕಿ ಕೊಟ್ಟ.

ಅವಳು ಹಾಳೆಯನ್ನು ಬೆಳಕಿಗೆ ಹಿಡಿದು ಮೊದಲಿನಿಂದ ಓದಿದಳು. ಊದಿದ ತುಟಿಯಲ್ಲಿ ಅಕ್ಷರಗಳು ಸಿಕ್ಕಿಕೊಳ್ಳುತ್ತಿದ್ದವು. ಒಂದು ಕಡೆ ನಿಲ್ಲಿಸಿದಳು.

“‘ರು’ ಯಾಕೆ?”

“ಯಾವ ‘ರು’?”

“ಕೈ ಎತ್ತಿದರು ಅಂತ ಬರ್ದಿದೀರಲ್ಲ. ಎತ್ತಿದರು, ಹೊಡೆದರು. ಬಂದರು, ಊಟ ಮಾಡಿದರು ಅನ್ನೋ ಹಾಗೆ. ಹದಿನೆಂಟು ವರ್ಷ ನಾನೂ ಅಂದೆ. ಆಗ ಒಳಗೆ ನಿಮ್ಮ ಹತ್ರಾನೂ ಅಂದೆ, ಸುತ್ತಿಗೆ ಬೀಸಿದ್ರು ಅಂತಿದ್ದೆ, ತಲೆ ಒಡೆದ್ರು ಅಂತಿದ್ದೆ. ತೆಗೀರಿ ಅದನ್ನ.”

ಅವನು ಹಾಳೆ ವಾಪಸು ತೆಗೆದುಕೊಂಡ. ‘ರು’ ನಾಲ್ಕು ಕಡೆ ಇತ್ತು. ಒಂದೊಂದರ ಮೇಲೂ ಅಡ್ಡಗೆರೆ ಎಳೆದ, ಪಕ್ಕದಲ್ಲಿ ಪುಟ್ಟದಾಗಿ ಸಹಿ ಹಾಕಿದ. ಗೌರವ ಹೋದ ಮೇಲೆ ಸಾಲು ಬೆತ್ತಲೆಯಾಗಿ ನಿಂತಿತು. ಹೆಂಡತಿಯ ಮೇಲೆ ಕೈ ಎತ್ತಿದ. ಹೊಡೆದ. ಕೂದಲು ಹಿಡಿದ. ಮತ್ತೆ ಹೊಡೆದ.

“ಈಗ ಓದಿ” ಎಂದಳು. “ಜೋರಾಗಿ. ಇವರೆಲ್ಲರಿಗೂ ಕೇಳ್ಲಿ.”

ಕೆಳಗಿನ ತಿರುವಿನಲ್ಲಿ ಇನ್ನೂ ನಡೆದಿದ್ದ ಮೇಸ್ತ್ರಿಯ ಫೋನಿನ ಮಾತು ನಿಂತಿತು. ಮೆಟ್ಟಿಲ ಮೇಲೆ ಹೆಜ್ಜೆಗಳು, ಮೇಲಕ್ಕೆ, ಎರಡೆರಡು ಮೆಟ್ಟಿಲು ಹಾರಿಕೊಂಡು, ಖುಷಿಯಲ್ಲಿ. ಆಯಾ ಕೋಲು ಹಿಡಿದು ಬಾಗಿಲಿಗೆ ಅಡ್ಡ ನಿಂತಳು. ಸ್ಕ್ಯಾನ್ ಡಾಕ್ಟರ್ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದ. ಓದತೊಡಗಿದ. ಹೆಜ್ಜೆ ಹತ್ತಿರವಾದಷ್ಟೂ ದನಿ ಏರಿಸಿದ.